700 ರೂಪಾಯಿ ಯಂತ್ರದಲ್ಲಿ ಎಫ್-8 ಒಡೆದಿದ್ದು

"ಪಾರಿ ಅನ್ನೋ ಗಣಿತದ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬರೆದ್ರೆ ಉತ್ತರ ಬರುತ್ತೆ, ಈ ಆಟಿಕೆ ಇಟ್ಕೊಂಡು ಯಾಕೋ ಒದ್ದಾಡ್ತೀಯ ಮಾರಾಯ?" ಅಂತ ಗೆಳೆಯ ನಕ್ಕಿದ್ದ. ಆಟಿಕೆ ಅಂದರೆ 700 ರೂಪಾಯಿಗೆ ಸಿಕ್ಕ ಸೆಕೆಂಡ್ ಹ್ಯಾಂಡ್ ರಾಸ್‌ಬೆರಿ ಪೈ ಝೀರೋ ಅನ್ನೋ ಪುಟ್ಟ ಕಂಪ್ಯೂಟರ್. ಭಾಜಕಗಳಾಗಿ ಒಡೆಯಬೇಕಿದ್ದದ್ದು ಫರ್ಮಾ ಸಂಖ್ಯೆ ಎಫ್-8, ಅಂದರೆ 2ರ ಘಾತ 256ಕ್ಕೆ 1 ಕೂಡಿಸಿದ್ದು. 78 ಅಂಕಿ. ಇದು ಅವಿಭಾಜ್ಯ ಅಲ್ಲ ಅಂತ 1909ರಲ್ಲೇ ಗೊತ್ತಾಗಿತ್ತು. ಭಾಜಕ ಸಿಕ್ಕಿದ್ದು ಮಾತ್ರ 1980ರಲ್ಲಿ, ಗಣಿತಜ್ಞರಾದ ಬ್ರೆಂಟ್ ಮತ್ತು ಪೊಲಾರ್ಡ್ ಅವರಿಗೆ. ಆ ಉತ್ತರ ನೋಡದೆ ಸ್ವಂತ ಪೈಥಾನ್ ಕೋಡ್‌ನಲ್ಲಿ ತೆಗೀಬೇಕು ಅನ್ನೋದು ನನ್ನ ಹಠ.

ಮೊದಲು ಸುಮ್ನೆ ಭಾಗಿಸುತ್ತಾ ಹೋದೆ. ಎಫ್-8ರ ಯಾವ ಭಾಜಕವಾದರೂ 1024ರ ಮಗ್ಗಿಗೆ 1 ಸೇರಿಸಿದ್ದೇ ಆಗಿರುತ್ತೆ, ಅಂಥ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕಲ್ವಾ. ಸೆಕೆಂಡಿಗೆ ಲಕ್ಷದಷ್ಟು ಓಡುತ್ತಿತ್ತು. ಎರಡು ದಿನ ಬಿಟ್ಟು ನಿಲ್ಲಿಸಿದೆ. ಆಮೇಲೆ ಲೆಕ್ಕ ಹಾಕಿದರೆ, ಹಾಗೇ ಬಿಟ್ಟಿದ್ದರೆ ನಾಲ್ಕೂವರೆ ತಿಂಗಳು ಬೇಕಿತ್ತು.

ನಂತರ ಪೊಲಾರ್ಡ್ ರೋ ವಿಧಾನ, ಎಲ್ಲರೂ ಬಳಸೋ 'ಎಕ್ಸ್ ವರ್ಗ ಪ್ಲಸ್ 1': ಒಂದು ಸಂಖ್ಯೆಯ ವರ್ಗಕ್ಕೆ 1 ಕೂಡಿಸಿ, ಎಫ್-8ರಿಂದ ಭಾಗಿಸಿ ಉಳಿದ ಶೇಷಕ್ಕೆ ಮತ್ತೆ ಅದನ್ನೇ ಮಾಡುತ್ತಾ ಹೋಗೋದು. ಎರಡು ಶೇಷಗಳ ವ್ಯತ್ಯಾಸಕ್ಕೂ ಎಫ್-8ಕ್ಕೂ ಮ.ಸಾ.ಅ. ತೆಗೆದರೆ ಎಂದಾದರೂ ಭಾಜಕ ಸಿಗುತ್ತೆ. ದಡ್ಡತನಕ್ಕೆ ಪ್ರತಿ ಹೆಜ್ಜೆಗೂ ಮ.ಸಾ.ಅ. ತೆಗೆಯುತ್ತಿದ್ದೆ. ರಾತ್ರಿಯಿಡೀ ಓಡಿತು. ಬೆಳಗಿನ ಜಾವ ಕರೆಂಟ್ ಹೋಯ್ತು. ನಡುವೆ ಎಲ್ಲೂ ಸೇವ್ ಮಾಡಿರಲಿಲ್ಲ. ಜೊತೆಗೆ ಮೆಮೊರಿ ಕಾರ್ಡೂ ಸತ್ತಿತು. 400 ರೂಪಾಯಿ ದಂಡ. ಗೆಳೆಯನಿಗೆ ಹೇಳಲಿಲ್ಲ.

ಪಿ ಮೈನಸ್ 1 ವಿಧಾನವನ್ನೂ ನೋಡಿದೆ: ಭಾಜಕದಿಂದ 1 ಕಳೆದದ್ದು ಸಣ್ಣ ಸಣ್ಣ ಅವಿಭಾಜ್ಯಗಳಾಗಿ ಒಡೆದರೆ ಇದರಲ್ಲಿ ಸಿಗುತ್ತೆ. ಆ ಅವಿಭಾಜ್ಯಗಳಿಗೆ ಮಿತಿ 10 ಲಕ್ಷ ಕೊಟ್ಟೆ, ಆಮೇಲೆ 1 ಕೋಟಿ. ಏನೂ ಬೀಳಲಿಲ್ಲ.

ಕೊನೆಗೆ ಕೈಹಿಡಿದದ್ದು ಬ್ರೆಂಟ್ ಮತ್ತು ಪೊಲಾರ್ಡ್ ಅವರ ದಾರಿಯೇ. ವರ್ಗದ ಬದಲು 1024ನೇ ಘಾತ. ಒಂದೊಂದು ಹೆಜ್ಜೆಗೂ ಹತ್ತು ಸಲ ವರ್ಗ ಮಾಡಬೇಕು, ಆದರೆ ಹೆಜ್ಜೆಗಳು ಮೂವತ್ತೆರಡು ಪಟ್ಟು ಕಮ್ಮಿ. ವ್ಯತ್ಯಾಸಗಳನ್ನು ಗುಣಿಸಿ ಗುಡ್ಡೆ ಹಾಕಿ, ಒಟ್ಟಿಗೆ ಒಂದೇ ಮ.ಸಾ.ಅ. ತೆಗೆದೆ. ಎಷ್ಟಕ್ಕೊಂದು ಗುಡ್ಡೆ, ಯಾವ ಸಂಖ್ಯೆಯಿಂದ ಶುರು ಅನ್ನೋದು ನನ್ನ ಹತ್ತಿರವೇ ಇರಲಿ. ಹತ್ತು ಹನ್ನೆರಡು ಲಕ್ಷ ಹೆಜ್ಜೆ ಆಗಿರಬೇಕು, ಪರದೆ ಮೇಲೆ ಬಂತು: 1238926361552897. ಸುಮಾರು ಮುಕ್ಕಾಲು ಗಂಟೆ. ಬ್ರೆಂಟ್, ಪೊಲಾರ್ಡ್ ಅವರಿಗೆ ಆ ಕಾಲದ ದೊಡ್ಡ ಕಂಪ್ಯೂಟರ್ ಯುನಿವ್ಯಾಕ್ 1100/42ರಲ್ಲಿ 2 ಗಂಟೆ ಹಿಡಿದಿತ್ತಂತೆ! ಕಾಲ ಬೇರೆ, ಒಪ್ಪಿದೆ. ಆದರೂ ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಭಾಗಿಸಿದರೆ ಉಳಿದದ್ದು 62 ಅಂಕಿಯದು, ಅದೂ ಅವಿಭಾಜ್ಯವೇ.

ಪಿ ಮೈನಸ್ 1 ಯಾಕೆ ಸೋತಿತು ಅಂತ ಆಮೇಲೆ ತಿಳಿಯಿತು. ಆ ಭಾಜಕದಿಂದ 1 ಕಳೆದು ಒಡೆದರೆ 2ರ ಘಾತ 11, 157, ಮತ್ತೆ 3853149761. ಈ ಕೊನೆಯದು 385 ಕೋಟಿ! ಉಳಿದ ಒಂದೇ ಒಂದು ದೊಡ್ಡ ಅವಿಭಾಜ್ಯವನ್ನು ಹಿಡಿಯೋ ಎರಡನೇ ಹಂತವನ್ನು 400 ಕೋಟಿವರೆಗೆ ಓಡಿಸಿದ್ದರೆ, ಮೊದಲ ಹಂತಕ್ಕೆ ಐದು ಸಾವಿರವೇ ಸಾಕಿತ್ತು. 200 ಸಾಲದು: ಘಾತಗಳೂ ಮಿತಿ ಮೀರಬಾರದು, ಹಾಗಾಗಿ 157 ಒಳಗೆ ಬಂದರೂ 2ರ ಘಾತ 7ಕ್ಕೇ ನಿಂತುಬಿಡುತ್ತೆ, ಬೇಕಿದ್ದದ್ದು 11.

ಈ ಹದಿನಾರು ಅಂಕಿ ನೆನಪಿಡೋಕೆ ಬ್ರೆಂಟ್ ಒಂದು ಇಂಗ್ಲಿಷ್ ವಾಕ್ಯ ಮಾಡಿದ್ದರು, ಪದಕ್ಕೆಷ್ಟು ಅಕ್ಷರವೋ ಅದೇ ಅಂಕಿ. ಕನ್ನಡದಲ್ಲಿ ನಾನೂ ಕೂತೆ: "ಈ ದೊಡ್ಡ ಸಂಖ್ಯೆಗೆ ತಲೆಕೆಡಿಸಿಕೊಂಡರೂ..." 1, 2, 3, 8 ಆಯ್ತು. ಮುಂದಿನದು 9. ಒಂಬತ್ತಕ್ಷರದ ಪದ ಹುಡುಕುತ್ತಾ ಒಂದು ವಾರ ಆಯ್ತು.