ಹೊಸಬರಿಗೆ ಮಾರ್ಗದರ್ಶಿ: ಮನೆ ಮುಂದಿನ ಲಾನ್ ನೋಡಿಕೊಳ್ಳುವುದು

ಬಾಡಿಗೆ ಮನೆಗೆ ಬಂದಿದ್ದರೆ ಮೊದಲು ಕರಾರು ಪತ್ರ ತೆಗೆದು ನೋಡಿ. ಹುಲ್ಲು ಕತ್ತರಿಸುವ ಕೆಲಸ ನಿಮ್ಮದೋ ಮಾಲೀಕರದೋ ಅಂತ ಅದರಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಎಷ್ಟೋ ಊರುಗಳಲ್ಲಿ ಹುಲ್ಲು ಇಂತಿಷ್ಟು ಎತ್ತರ ದಾಟಬಾರದು ಅಂತ ನಿಯಮ ಇರುತ್ತದೆ. ಬೇಸಿಗೆಯಲ್ಲಿ ನೀರು ಬಿಡುವುದಕ್ಕೆ, ಕಳೆನಾಶಕ ಹೊಡೆಯುವುದಕ್ಕೆ ಕೆಲವು ಕಡೆ ನಿರ್ಬಂಧವೂ ಇರುತ್ತದೆ. ಪಕ್ಕದ ಮನೆಯವರ ಮಾತು ನಂಬಿ ಸುಮ್ಮನಿರಬೇಡಿ, ಊರಿನ ಆಡಳಿತದ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ.

ಈಗ ಹುಲ್ಲಿನ ವಿಷಯಕ್ಕೆ ಬರೋಣ. ತಂಪು ಹವೆಯ ಊರುಗಳ ಲಾನ್‌ನಲ್ಲಿ ಹೆಚ್ಚಾಗಿ ಇರುವುದು ಬ್ಲೂಗ್ರಾಸ್, ರೈಗ್ರಾಸ್, ಫೆಸ್ಕ್ಯೂ, ಅಥವಾ ಇವುಗಳ ಮಿಶ್ರಣ. ಹವೆ 15ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದಾಗ ಇವು ಹುರುಪಿನಿಂದ ಬೆಳೆಯುತ್ತವೆ. ಅಂದರೆ ವಸಂತದಲ್ಲಿ ಒಂದು ಸಲ, ಎಲೆ ಉದುರುವ ಕಾಲದ ಶುರುವಿನಲ್ಲಿ ಇನ್ನೊಂದು ಸಲ. ನಡುಬೇಸಿಗೆ ಇವಕ್ಕೆ ಕಷ್ಟದ ಕಾಲ. ಹೊಸಬರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ. ಬಿಸಿಲು ಬಂತು ಅಂತ ಬೇಸಿಗೆಯಲ್ಲಿ ಗೊಬ್ಬರ ಸುರಿದು, ಬೀಜ ಎರಚಿ, ದಿನಾ ನೀರು ಬಿಟ್ಟು ದುಡಿಯುತ್ತಾರೆ, ನಿಜವಾಗಿ ಕೆಲಸ ಮಾಡಬೇಕಾದ ಕಾಲ ಬಂದಾಗ ಇನ್ನೇನು ಚಳಿ ಬಂತಲ್ಲ ಅಂತ ಕೈಬಿಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕತ್ತರಿಸುವ ಎತ್ತರ. ಗಿಡ್ಡಕ್ಕೆ ಕತ್ತರಿಸಿದರೆ ಒಂದು ವಾರ ಆರಾಮಾಗಿ ಇರಬಹುದು ಅನ್ನಿಸುತ್ತದೆ, ಅಲ್ವಾ? ಹಾಗೆ ಮಾಡಬೇಡಿ. ಹುಲ್ಲಿನ ಎತ್ತರಕ್ಕೂ ಬೇರಿನ ಆಳಕ್ಕೂ ಸಂಬಂಧ ಇದೆ, ಮೇಲೆ ಬೋಳಿಸಿದಷ್ಟೂ ಕೆಳಗೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ಅಂಥ ಹುಲ್ಲು ಮೊದಲ ಬಿಸಿಲಿಗೇ ಒಣಗುತ್ತದೆ. ಮೇಲಾಗಿ ಮಣ್ಣಿಗೆ ನೇರ ಬಿಸಿಲು ಬಿದ್ದರೆ ಕಳೆ ಬೀಜಗಳಿಗೆ ಹಬ್ಬ. ಮೋವರ್‌ನ, ಅಂದರೆ ಹುಲ್ಲು ಕತ್ತರಿಸುವ ಯಂತ್ರದ, ಚಕ್ರದ ಹತ್ತಿರ ಎತ್ತರ ಬದಲಿಸುವ ಹಿಡಿ ಇರುತ್ತದೆ. ಅದನ್ನು ಸುಮಾರು 3 ಇಂಚಿಗೆ, ಅಂದರೆ ಏಳೆಂಟು ಸೆಂಟಿಮೀಟರಿಗೆ ಇಡಿ, ಬೇಸಿಗೆಯಲ್ಲಿ ಇನ್ನೊಂದು ಮೆಟ್ಟಿಲು ಏರಿಸಿ. ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ರಜೆಗೆ ಹೋಗಿ ಬಂದಾಗ ಮೊಣಕಾಲುದ್ದ ಬೆಳೆದಿದ್ದರೆ ನಾಲ್ಕೈದು ದಿನ ಬಿಟ್ಟುಬಿಟ್ಟು ಹಂತಹಂತವಾಗಿ ಇಳಿಸಿ.

ಬ್ಲೇಡ್ ಮೊಂಡಾಗಿದ್ದರೆ ಹುಲ್ಲು ಕತ್ತರಿಸುವುದಿಲ್ಲ, ಹರಿಯುತ್ತದೆ, ಎರಡು ದಿನದಲ್ಲಿ ತುದಿಗಳೆಲ್ಲ ಬಿಳಿಚಿಕೊಂಡು ಲಾನ್ ಪೂರ್ತಿ ಮಂಕಾಗಿ ಕಾಣುತ್ತದೆ. ವರ್ಷಕ್ಕೊಮ್ಮೆಯಾದರೂ ಸಾಣೆ ಹಿಡಿಸಿ. ಕತ್ತರಿಸಿದ ಚೂರುಗಳನ್ನು ಚೀಲ ತುಂಬಿ ಎಸೆಯುವ ಶ್ರಮ ಬೇಕಿಲ್ಲ, ಅಲ್ಲೇ ಬಿಟ್ಟರೆ ಕೊಳೆತು ಸಾರಜನಕ ಮಣ್ಣಿಗೇ ಹೋಗುತ್ತದೆ. ಒದ್ದೆ ಹುಲ್ಲು ಮುದ್ದೆಯಾಗಿ ಬಿದ್ದಿದ್ದರೆ ಮಾತ್ರ ಹರಡಿ. ಮೋವರ್ ಓಡಿಸುವ ಮೊದಲು ಕಲ್ಲು, ಆಟಿಕೆ ಹೆಕ್ಕಿ, ಮಕ್ಕಳನ್ನು ಒಳಗೆ ಕಳಿಸಿ. ಹುಲ್ಲು ಸಿಕ್ಕಿಕೊಂಡರೆ ಯಂತ್ರ ಆರಿಸಿ, ಪೆಟ್ರೋಲಿನದಾದರೆ ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತು, ಬ್ಯಾಟರಿಯದಾದರೆ ಬ್ಯಾಟರಿ ತೆಗೆದು, ಆಮೇಲೆ ಕೈ ಹಾಕಿ.

ನೀರಿನ ವಿಷಯದಲ್ಲಿ ದಿನಾ ಸಂಜೆ ಪೈಪು ಹಿಡಿದು ಚಿಮುಕಿಸುವುದು ಮನಸ್ಸಿಗೆ ಹಿತ, ಹುಲ್ಲಿಗೆ ಅಲ್ಲ. ಮೇಲಿನ ಅರ್ಧ ಇಂಚು ಮಣ್ಣು ಮಾತ್ರ ನೆನೆಯುತ್ತದೆ, ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಬೂಷ್ಟು ರೋಗ ಬರುತ್ತದೆ. ಮಳೆಯೂ ಸೇರಿ ವಾರಕ್ಕೆ ಸುಮಾರು 1 ಇಂಚು ನೀರು ಸಾಕು, ಒಂದೋ ಎರಡೋ ಸಲದಲ್ಲಿ, ಬೆಳಗಿನ ಹೊತ್ತು. ಇಂಚು ಅಳೆಯುವುದು ಹೇಗೆ ಅಂದರೆ, ಸ್ಪ್ರಿಂಕ್ಲರ್ ಕೆಳಗೆ ಒಂದು ಖಾಲಿ ಡಬ್ಬಿ ಇಟ್ಟು ಎಷ್ಟು ಹೊತ್ತಿಗೆ ಅಷ್ಟು ನೀರು ನಿಲ್ಲುತ್ತದೆ ಅಂತ ಒಮ್ಮೆ ನೋಡಿಕೊಂಡರಾಯಿತು.

ಬೇಸಿಗೆಯಲ್ಲಿ ಲಾನ್ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ಸತ್ತಿರುವುದಿಲ್ಲ, ನಿದ್ದೆಗೆ ಹೋಗಿರುತ್ತದೆ. ಬುಡ ಜೀವಂತ ಇರುತ್ತದೆ, ಎರಡು ಮೂರು ವಾರಕ್ಕೊಮ್ಮೆ ಅರ್ಧ ಇಂಚು ನೀರು ಕೊಟ್ಟರೆ ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಆ ಸಮಯದಲ್ಲಿ ಗೊಬ್ಬರ ಮಾತ್ರ ಹಾಕಲೇಬೇಡಿ.

ಬೇಸಿಗೆ ಮುಗಿದು ರಾತ್ರಿ ತಂಪಾಗಲು ಶುರುವಾಯಿತಲ್ಲ, ಆಗ ಕೆಲಸಕ್ಕಿಳಿಯಿರಿ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಂಪು, ಹೊಸ ಕಳೆ ಕಡಿಮೆ. ಬೀಜ ಹಾಕಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಓಡಾಡಿ ಮಣ್ಣು ಗಟ್ಟಿಯಾಗಿದ್ದರೆ ಮೊದಲು ಏರೇಟರ್ ಅನ್ನುವ, ಮಣ್ಣಿಗೆ ತೂತು ಹಾಕುವ ಯಂತ್ರ ಬಾಡಿಗೆಗೆ ತಂದು ತೂತು ಹಾಕಿಸಿ. ಮೊಳೆಯಂತೆ ಬರೀ ಚುಚ್ಚುವಂಥದ್ದು ಬೇಡ, ಮಣ್ಣಿನ ತುಂಡನ್ನೇ ಕಿತ್ತು ಹೊರಹಾಕುವಂಥದ್ದು ಬೇಕು. ಆ ತುಂಡುಗಳು ನೋಡಲು ಚೆನ್ನಾಗಿರುವುದಿಲ್ಲ ನಿಜ, ಆದರೂ ಅಲ್ಲೇ ಬಿಡಿ, ಮಳೆಗೆ ಕರಗುತ್ತವೆ. ಆಮೇಲೆ ಬೋಳು ಜಾಗಗಳನ್ನು ಕೆದಕಿ ಬೀಜ ಹಾಕಿ, ಮೊಳಕೆ ಬರುವ ತನಕ ಮೇಲ್ಮಣ್ಣು ಒಣಗದ ಹಾಗೆ ದಿನಾ ತೆಳ್ಳಗೆ ನೀರು ಚಿಮುಕಿಸಿ. ದಿನಾ ನೀರು ಬೇಕಾಗುವುದು ಇದೊಂದೇ ಕಡೆ. ರೈಗ್ರಾಸ್ ಒಂದು ವಾರದಲ್ಲಿ ಮೊಳೆಯುತ್ತದೆ, ಬ್ಲೂಗ್ರಾಸ್ ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ, ಆದ್ದರಿಂದ ಹತ್ತನೇ ದಿನ ಏನೂ ಕಾಣಲಿಲ್ಲ ಅಂತ ಇನ್ನೊಂದು ಚೀಲ ಸುರಿಯಬೇಡಿ. ವರ್ಷಕ್ಕೆ ಒಂದೇ ಸಲ ಗೊಬ್ಬರ ಹಾಕುವವರು ಈ ಕಾಲದಲ್ಲೇ ಹಾಕಿ. ಚೀಲದ ಮೇಲೆ ಬರೆದಷ್ಟೇ ಹಾಕಿ, ರಸ್ತೆ ಮೇಲೆ ಚೆಲ್ಲಿದ್ದನ್ನು ಗುಡಿಸಿ ತೆಗೆಯಿರಿ, ಇಲ್ಲದಿದ್ದರೆ ಮಳೆನೀರಿನ ಜೊತೆ ಕೆರೆ ಹೊಳೆ ಸೇರುತ್ತದೆ.

ಕಳೆಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಹಳದಿ ಹೂವಿನ ಡ್ಯಾಂಡೆಲಿಯನ್‌ಗೆ ಉದ್ದ ತಾಯಿಬೇರು ಇರುತ್ತದೆ, ಅರ್ಧಕ್ಕೆ ಕಿತ್ತರೆ ಮತ್ತೆ ಬರುತ್ತದೆ. ಮಳೆ ಬಂದ ಮರುದಿನ ಮಣ್ಣು ಮೆತ್ತಗಿರುವಾಗ ಉದ್ದ ಕವಲಿನ ಉಪಕರಣದಿಂದ ಬೇರುಸಮೇತ ಎತ್ತಿ. ಪಾಚಿ ಕಟ್ಟಿದ್ದರೆ ಅಲ್ಲಿ ನೆರಳು ಜಾಸ್ತಿ, ಅಥವಾ ನೀರು ನಿಲ್ಲುತ್ತಿದೆ ಅಂತ ಅರ್ಥ. ಅದು ಸರಿಹೋಗುವ ತನಕ ಎಷ್ಟು ಕೆರೆದರೂ ಪಾಚಿ ವಾಪಸ್ ಬರುತ್ತದೆ. ದಟ್ಟ ನೆರಳಿನ ಕಡೆ ಹುಲ್ಲು ಬೆಳೆಸುವ ಹಟ ಬಿಟ್ಟು ನೆರಳಿನ ಗಿಡ ನೆಡುವುದೇ ಮೇಲು.

ಉದುರಿದ ಎಲೆ ತೆಳುವಾಗಿದ್ದರೆ ಅದರ ಮೇಲೇ ಮೋವರ್ ಓಡಿಸಿ ಪುಡಿ ಮಾಡಬಹುದು. ದಪ್ಪವಾಗಿದ್ದರೆ ಗುಡಿಸಿ ತೆಗೆಯಿರಿ, ಚಳಿಗಾಲವಿಡೀ ಹಾಗೇ ಬಿಟ್ಟರೆ ಕೆಳಗಿನ ಹುಲ್ಲು ಉಸಿರುಗಟ್ಟುತ್ತದೆ. ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿರುವ ಬೆಳಗ್ಗೆ ಅಲ್ಲಿ ನಡೆದಾಡಬೇಡಿ, ಎಲೆಗಳು ಮುರಿದು ಹೆಜ್ಜೆ ಗುರುತು ವಾರಗಟ್ಟಲೆ ಉಳಿಯುತ್ತದೆ. ಪೆಟ್ರೋಲ್ ಮೋವರ್ ಇದ್ದರೆ ಶೆಡ್ಡಿಗೆ ಸೇರಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿಡಿ.