ಯುದ್ಧದ ವಿಡಿಯೊ ಬಂತಾ? ಫಾರ್ವರ್ಡ್ ಮಾಡುವ ಮೊದಲು ಹೀಗೆ ಪರೀಕ್ಷಿಸಿ

2025ರ ಮೇ 7ರಿಂದ 10ರವರೆಗೆ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಗಡಿಯ ಎರಡೂ ಕಡೆ ಜನ ನಿದ್ದೆಗೆಟ್ಟು ಮೊಬೈಲ್ ನೋಡುತ್ತಿದ್ದರು. ಆ ಕಡೆಯಿಂದ ಬಂದ ಸುಳ್ಳನ್ನು ನಮ್ಮವರು ಭಯಬಿದ್ದು ಹಂಚಿದರು. ಈ ಕಡೆ ಹುಟ್ಟಿದ ಸುಳ್ಳನ್ನು ಖುಷಿಯಿಂದ ಹಂಚಿದರು. 2020ರ ಬೈರೂತ್ ಬಂದರಿನ ಸ್ಫೋಟವನ್ನು ಭಾರತದ ಮೇಲೆ ಬಿದ್ದ ಪಾಕಿಸ್ತಾನದ ಕ್ಷಿಪಣಿ ಅಂದರು. 2025ರ ಜನವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಮಾನ ಬಿದ್ದ ದೃಶ್ಯವನ್ನು ಕರಾಚಿ ಬಂದರು ಉರಿಯುತ್ತಿದೆ ಅಂತ ತೋರಿಸಿದರು. ಎರಡನ್ನೂ ಕೈಯಲ್ಲಿದ್ದ ಫೋನಿನಲ್ಲೇ ಪತ್ತೆ ಹಚ್ಚಬಹುದಿತ್ತು.

ಮೊದಲ ಹೆಜ್ಜೆ ಸುಲಭ. ಕಳಿಸಿದವರಿಗೆ ‘ಇದು ಯಾವತ್ತಿನದು, ಎಲ್ಲಿಯದು?’ ಅಂತ ಕೇಳಿ. ಉತ್ತರ ಬರುವವರೆಗೆ ಯಾರಿಗೂ ಕಳಿಸಬೇಡಿ.

ಎರಡನೆಯದು ಚಿತ್ರ ಹಿಡಿದು ಮೂಲ ಹುಡುಕುವುದು. ಜನ ಎಡವುವುದೇ ಇಲ್ಲಿ. ನಾನು ನೋಡಿದ ಹೆಚ್ಚಿನವರು ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟರೆ ಅಂಥದ್ದನ್ನೇ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕುತ್ತಾರೆ. ಅದರಲ್ಲಿ ಕೆಂಪು ಅಕ್ಷರದ ಹೆಡ್‌ಲೈನೂ ಇರುತ್ತದೆ. ಲೆನ್ಸ್ ಆ ಅಕ್ಷರಗಳನ್ನು ಓದಿ, ಅದೇ ಸುಳ್ಳು ಇರುವ ಇನ್ನಷ್ಟು ಪುಟಗಳನ್ನು ತೋರಿಸುತ್ತದೆ. ‘ಎಲ್ಲ ಕಡೆ ಬಂದಿದೆ, ನಿಜವೇ ಇರಬೇಕು’ ಅಂದುಕೊಂಡು ಫಾರ್ವರ್ಡ್ ಮಾಡುತ್ತಾರೆ.

ಹಾಗಾಗಿ ವಿಡಿಯೊ ನಿಲ್ಲಿಸಿ, ಶುರು, ನಡು, ಕೊನೆ ಹೀಗೆ ಮೂರ್ನಾಲ್ಕು ಕಡೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬರೀ ಬೆಂಕಿ, ಹೊಗೆ ಇರುವ ಚಿತ್ರ ಬೇಡ, ಎಲ್ಲ ಊರಿನ ಬೆಂಕಿಯೂ ಒಂದೇ ಥರ ಕಾಣುತ್ತದೆ. ಕಟ್ಟಡದ ಅಂಚು, ಅಂಗಡಿ ಬೋರ್ಡು, ಕ್ರೇನು, ವಾಹನ, ಗುಡ್ಡದ ಸಾಲು ಇರುವುದನ್ನು ಆರಿಸಿ. ಆಮೇಲೆ ಹೆಡ್‌ಲೈನ್, ಚಾನೆಲ್ ಲೋಗೊ, ಸುತ್ತಲಿನ ಕಪ್ಪು ಪಟ್ಟಿ ಎಲ್ಲ ಕತ್ತರಿಸಿ ಹಾಕಿ. ದೃಶ್ಯ ಮಾತ್ರ ಉಳಿಯಬೇಕು. ಈಗ ಒಂದೊಂದನ್ನೇ ಹುಡುಕಿ. ಏನೂ ಸಿಗದಿದ್ದರೆ ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಿ ಮತ್ತೆ ಹುಡುಕಿ. ಹಿಡಿಯಬಾರದು ಅಂತಲೇ ಹಾಗೆ ತಿರುಗಿಸಿ ಹರಿಬಿಡುವವರಿದ್ದಾರೆ.

ಫಲಿತಾಂಶದಲ್ಲಿ ಮೇಲಿರುವುದನ್ನಲ್ಲ, ಹಳೆಯದನ್ನು ನೋಡಿ. ಚಿತ್ರ ಹುಡುಕುವ ಟಿನ್‌ಐ ಎಂಬ ತಾಣದಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು, ನಾನಂತೂ ಅದನ್ನು ಬಿಡುವುದಿಲ್ಲ. ಘಟನೆಗಿಂತ ಒಂದು ದಿನ ಹಿಂದಿನ ಪ್ರತಿ ಸಿಕ್ಕರೂ ಅಲ್ಲಿಗೆ ಮುಗಿಯಿತು. ಪಾಕಿಸ್ತಾನದ ಬಹಾವಲ್ಪುರದ ಹತ್ತಿರ ಬಿದ್ದ ನಮ್ಮ ರಫೇಲ್ ಯುದ್ಧವಿಮಾನ ಅಂತ ಹರಿದಾಡಿದ ಚಿತ್ರ, 2021ರಲ್ಲಿ ಪಂಜಾಬಿನ ಮೋಗಾದಲ್ಲಿ ಬಿದ್ದ ನಮ್ಮದೇ ಮಿಗ್-21 ಎಂದು ಗೊತ್ತಾಯಿತು. ಏನೂ ಸಿಗಲಿಲ್ಲ ಅಂದರೆ ನಿಜ ಅಂತ ಅರ್ಥವಲ್ಲ. ಆಗಲೂ ಕಳಿಸಬೇಡಿ.

ಚಾಟ್‌ಬಾಟ್‌ಗೆ ಕೇಳುವ ಅಡ್ಡದಾರಿ ಖಂಡಿತ ಬೇಡ. ಸುಡಾನಿನ ಖಾರ್ಟೂಮ್ ವಿಮಾನ ನಿಲ್ದಾಣದ ಹಳೆಯ ವಿಡಿಯೊವನ್ನು ಎಕ್ಸ್ ತಾಣದ ಚಾಟ್‌ಬಾಟ್ ಗ್ರೋಕ್, ಪಾಕಿಸ್ತಾನದ ನೂರ್ ಖಾನ್ ವಾಯುನೆಲೆಯ ಮೇಲಿನ ದಾಳಿ ಅಂತ ಹೇಳಿತ್ತು. ‘ಎಐ ಪತ್ತೆ’ ಅಂತ ಪುಕ್ಕಟೆ ಸಿಗುವ ಆ್ಯಪ್‌ಗಳನ್ನೂ ನಂಬಬೇಡಿ.

ಕತ್ತಲಲ್ಲಿ ಕ್ಷಿಪಣಿ ಹಾರುವ, ವಿಮಾನ ಉರುಳುವ ವಿಡಿಯೊ ಆದರೆ ಆರ್ಮಾ 3 ಎಂಬ ಕಂಪ್ಯೂಟರ್ ಗೇಮ್‌ನ ದೃಶ್ಯ ಇರಬಹುದು. ಅದನ್ನು ತಯಾರಿಸುವ ಜೆಕ್ ಕಂಪನಿ ಬೊಹೀಮಿಯಾ ಇಂಟರ್‍ಯಾಕ್ಟಿವ್, ಉಕ್ರೇನ್ ಯುದ್ಧದ ಹೆಸರಲ್ಲಿ ತನ್ನ ಗೇಮ್ ಹರಿದಾಡಿದಾಗ 2022ರಲ್ಲೇ ಕುರುಹುಗಳನ್ನು ಹೇಳಿತ್ತು: ಮಸುಕು ಚಿತ್ರ, ಅಲುಗಾಡುವ ಕ್ಯಾಮೆರಾ, ರಾತ್ರಿಯ ದೃಶ್ಯ, ಶಬ್ದವಿಲ್ಲ, ಓಡಾಡುವ ಮನುಷ್ಯರಿಲ್ಲ.

ಯಾರಾದರೂ ಮಾತಾಡುವ ವಿಡಿಯೊ ಆದರೆ ಧ್ವನಿ ಮುಚ್ಚಿ ತುಟಿ ನೋಡಿ, ಆಮೇಲೆ ಆ ಮಾತಿನ ಪೂರ್ತಿ ರೆಕಾರ್ಡಿಂಗ್ ಹುಡುಕಿ. ಪಾಕಿಸ್ತಾನದ ಸೇನಾ ವಕ್ತಾರರು ಎರಡು ವಿಮಾನ ಕಳೆದುಕೊಂಡೆವು ಅಂತ ಒಪ್ಪಿಕೊಂಡ ವಿಡಿಯೊ, 2024ರ ಪತ್ರಿಕಾಗೋಷ್ಠಿಗೆ ಸುಳ್ಳು ಧ್ವನಿ ಅಂಟಿಸಿದ್ದು. ನಮ್ಮ ಕೆಲವು ಸುದ್ದಿಸಂಸ್ಥೆಗಳೂ ಅದನ್ನು ಪ್ರಕಟಿಸಿದವು. ಕೇಳಲು ಹಿತವಾಗಿತ್ತು, ಅಲ್ವಾ? ಹಿತವಾದ ಸುದ್ದಿಯನ್ನೇ ಜಾಸ್ತಿ ಪರೀಕ್ಷಿಸಿ.

ನಿಮ್ಮಿಂದ ಆಗದಿದ್ದರೆ ಪಿಐಬಿ ಫ್ಯಾಕ್ಟ್‌ಚೆಕ್‌ನ ವಾಟ್ಸ್ಆ್ಯಪ್ ಸಂಖ್ಯೆ 8799711259ಕ್ಕೆ ಕಳಿಸಿ. ಅದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಸುದ್ದಿಯನ್ನು ನೋಡುವ ಸರ್ಕಾರಿ ಘಟಕ. ಹಾಗಾಗಿ ಸುದ್ದಿ ಪರೀಕ್ಷಿಸುವ ಆಲ್ಟ್ ನ್ಯೂಸ್, ಬೂಮ್ ತಾಣಗಳನ್ನೂ ನೋಡುವುದು ಒಳ್ಳೆಯದು.

ಸುಳ್ಳು ಅಂತ ಗೊತ್ತಾದ ಮೇಲೆ ಸುಮ್ನೆ ಡಿಲೀಟ್ ಮಾಡಿ ಬಿಡಬೇಡಿ. ಹಳೆಯ ಪ್ರತಿಯ ಕೊಂಡಿ, ತಾರೀಖು, ಊರಿನ ಹೆಸರನ್ನು ಅದೇ ಗುಂಪಿನಲ್ಲಿ, ಅದೇ ಸಂದೇಶಕ್ಕೆ ಉತ್ತರವಾಗಿ ಹಾಕಿ. ಕಳಿಸಿದವರನ್ನು ಹಂಗಿಸಬೇಡಿ.