ನಮ್ಮ ಕೊಟೇಷನ್ ಸ್ಪ್ಯಾಮ್‌ಗೆ ಹೋದ ದಿನ

ಪೀಣ್ಯದಲ್ಲಿ ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕ. ಇಮೇಲ್ ಬೇಕಾದವರು 22 ಜನ. ತಲೆಗೆ ಇಷ್ಟು ಎಂದು ತಿಂಗಳ ಬಾಡಿಗೆ ಕಟ್ಟುತ್ತಿದ್ದೆವು. ಕೆಲಸ ಬಿಟ್ಟು ಹೋದವರ ಪೆಟ್ಟಿಗೆ ಉಳಿಸಿಕೊಳ್ಳಲಿಕ್ಕೂ ಹಣ. ಆದರೆ ಹತ್ತು ವರ್ಷದ ಡ್ರಾಯಿಂಗ್, ಪರ್ಚೇಸ್ ಆರ್ಡರ್‌ಗಳೆಲ್ಲ ಆ ಪತ್ರಗಳಲ್ಲೇ ಇದ್ದವು. ಅವು ನಮ್ಮ ಕೈಯಲ್ಲೇ ಇರಬೇಕೆಂದು ಹಟ ಹಿಡಿದು ಸ್ವಂತ ಸರ್ವರ್ ಹಾಕಲು ಹೊರಟೆ.

ಆರಿಸಿಕೊಂಡದ್ದು ಮೇಲ್‌ಕೌ ಎಂಬ ಇಮೇಲ್ ಸರ್ವರ್ ತಂತ್ರಾಂಶಗಳ ಕಟ್ಟು. ಪತ್ರ ಸಾಗಿಸಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆ ಕಾಯಲು ಡವ್‌ಕಾಟ್, ಕಸ ಸೋಸಲು ಆರ್‌ಸ್ಪ್ಯಾಮ್‌ಡಿ, ಕ್ಯಾಲೆಂಡರ್‌ಗೆ ಸೋಗೊ, ಎಲ್ಲವೂ ಅದರಲ್ಲೇ ಇವೆ. 8 ಜಿಬಿ ಮೆಮೊರಿಯ ಸರ್ವರ್ ಬಾಡಿಗೆಗೆ ಹಿಡಿದೆ. ವೈರಸ್ ಹುಡುಕುವ ಕ್ಲಾಮ್‌ಎವಿಗೇ ಒಂದು ಜಿಬಿಗಿಂತ ಹೆಚ್ಚು ಬೇಕು. ಹಳೆಯ ಪತ್ರಗಳನ್ನು ಐಮ್ಯಾಪ್‌ಸಿಂಕ್ ರಾತ್ರಿಯಿಡೀ ಎಳೆದು ತಂದಿತು. ಇಷ್ಟು ಸಲೀಸಾಗಿಯೇ ಆಯಿತು.

ಕಷ್ಟವೆಲ್ಲ ಆಮೇಲೆ. ಪತ್ರ ಕಳಿಸಿದವರು ನಾವೇ ಎಂದು ಹೊರಗಿನ ಸರ್ವರ್‌ಗಳು ನಂಬಬೇಕಲ್ಲ! ಮೊದಲು ಸರ್ವರ್ ಕೊಟ್ಟವರು ಸರ್ವರ್‌ನಿಂದ ಸರ್ವರ್‌ಗೆ ಪತ್ರ ಹೋಗುವ ದಾರಿಯಾದ 25ನೇ ಪೋರ್ಟನ್ನು ಮುಚ್ಚಿಟ್ಟಿದ್ದರು, ಕೇಳಿದರೂ ತೆರೆಯಲಿಲ್ಲ. ಬೇರೆಯವರಲ್ಲಿಗೆ ಹೋದೆ. ಅಲ್ಲಿ ಪತ್ರ ಹೊರಟಿತು, ಆದರೆ ಒಬ್ಬ ದೊಡ್ಡ ಗ್ರಾಹಕರಿಗೆ ಕಳಿಸಿದ ಕೊಟೇಷನ್ ಸ್ಪ್ಯಾಮ್‌ಗೆ ಬಿದ್ದಿತ್ತು. ಮೂರು ದಿನದ ಮೇಲೆ ಅವರೇ ಫೋನ್ ಮಾಡಿ "ದರ ಕಳಿಸಲೇ ಇಲ್ಲವಲ್ಲ" ಎಂದಾಗ ನನ್ನ ಕೈಕಾಲು ತಣ್ಣಗಾದವು.

ಐಪಿ ವಿಳಾಸವನ್ನು ಹಿಮ್ಮುಖವಾಗಿ ಹುಡುಕಿದರೆ ನಮ್ಮ ಸರ್ವರ್‌ನ ಹೆಸರೇ ಬರಬೇಕು. ನಮಗೆ ಬರುತ್ತಿದ್ದದ್ದು ಬಾಡಿಗೆ ಕೊಟ್ಟವರ ಹೆಸರು. ಪಿಟಿಆರ್ ಎಂಬ ಈ ದಾಖಲೆಯನ್ನು ಡೊಮೇನ್ ಖಾತೆಯಲ್ಲಿ ಹುಡುಕುತ್ತ ಒಂದು ದಿನ ಕಳೆದೆ. ಅದು ಇರುವುದು ಐಪಿಯ ಒಡೆಯರ ಬಳಿ. ಪತ್ರ ನಮ್ಮದೇ ಎಂದು ತೋರಿಸುವ ಡಿಕಿಮ್ ಸಹಿ ಕೂಡ ಸೋಲುತ್ತಿತ್ತು: 2048 ಬಿಟ್‌ನ ಕೀಲಿ ಉದ್ದ, ಅದನ್ನು ಹಾಕುವ, ಡೊಮೇನ್‌ನ ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿನಲ್ಲಿ ಹಿಡಿಸುವುದು 255 ಅಕ್ಷರ ಮಾತ್ರ. ಕೀಲಿಯ ಬಾಲ ಕತ್ತರಿಸಿ ಹೋಗಿತ್ತು. ಎರಡು ತುಂಡು ಮಾಡಿ ಹಾಕಿದ ಮೇಲೆ ಸರಿಹೋಯಿತು.

ಇಂಥ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೊರಗಿನ ಸರ್ವರ್‌ಗಳಿಗೆ ಹೇಳುವ ಡಿಮಾರ್ಕ್ ನಿಯಮವನ್ನು ಮೊದಲೇ ಬಿಗಿ ಮಾಡಬೇಡಿ. ನಾನು ಎರಡು ತಿಂಗಳು 'ನನ್' (ಏನೂ ಮಾಡಬೇಡಿ) ಎಂದೇ ಇಟ್ಟು, ಬರುವ ವರದಿಗಳನ್ನು ಓದಿದೆ. ಆಗಲೇ ಗೊತ್ತಾದದ್ದು, ನಮ್ಮ ಬಿಲ್ಲಿಂಗ್ ತಂತ್ರಾಂಶ ಕಚೇರಿಯ ಬ್ರಾಡ್‌ಬ್ಯಾಂಡ್‌ನಿಂದ ನೇರವಾಗಿ ಇನ್‌ವಾಯ್ಸ್ ಕಳಿಸುತ್ತಿದೆ ಎಂದು. ಆ ಐಪಿ ನಮ್ಮ ಹೆಸರಲ್ಲಿ ಪತ್ರ ಕಳಿಸಬಹುದಾದ ಸರ್ವರ್‌ಗಳ ಪಟ್ಟಿಯಾದ ಎಸ್‌ಪಿಎಫ್ ದಾಖಲೆಯಲ್ಲಿ ಇರಲಿಲ್ಲ. ಬಿಗಿ ಮಾಡಿದ್ದರೆ ತಿಂಗಳ ಕೊನೆಯ ಇನ್‌ವಾಯ್ಸ್‌ಗಳೆಲ್ಲ ಸ್ಪ್ಯಾಮ್‌ಗೆ ಬೀಳುತ್ತಿದ್ದವು. ಆ ತಂತ್ರಾಂಶಕ್ಕೆ ಪ್ರತ್ಯೇಕ ಖಾತೆ ಮಾಡಿ, 587ನೇ ಪೋರ್ಟ್ ಮೂಲಕ ನಮ್ಮ ಸರ್ವರ್‌ನಿಂದಲೇ ಕಳಿಸುವಂತೆ ಮಾಡಿದೆ. 'ಕ್ವಾರಂಟೈನ್'ಗೆ (ಸ್ಪ್ಯಾಮ್‌ಗೆ ಹಾಕಿ ಎಂಬ ಹಂತಕ್ಕೆ) ಏರಿಸಿದ್ದು ಅದಾದ ಮೇಲೆ.

ಅಷ್ಟರಲ್ಲಿ ತಪಾಸಣೆ ಕೊಠಡಿಯವರು ಸೋಗೊದಲ್ಲಿ ಒಂದು ಹಂಚಿಕೆಯ ಕ್ಯಾಲೆಂಡರ್ ತೆರೆದಿದ್ದರು. ಯಾವ ಭಾಗದ ಅಳತೆ ಯಾವಾಗ ಎಂಬುದನ್ನು ಈಗ ಶಾಪ್‌ಫ್ಲೋರ್‌ನವರು ಮೊಬೈಲ್‌ನಲ್ಲೇ ನೋಡುತ್ತಾರೆ.